ಗಾಳಿಗಾರ ಗಂಟೆ ಬಿಚ್ಚಿದ್ದು

ಇದು ನಡೆದದ್ದು. ಉಪ್ಪು ಮುಟ್ಟಿ ಹೇಳ್ತೀನಿ, ನೀರು ಮುಟ್ಟಿ ಹೇಳ್ತೀನಿ. ಸುಳ್ಳು ಅನ್ನೋನು ಇದ್ರೆ ಎದುರಿಗೆ ಬಂದು ಕೂತ್ಕೊಂಡು ಅನ್ನಲಿ. ಬೆನ್ನ ಹಿಂದೆ ಅನ್ನೋನನ್ನ ನಾನು ಲೆಕ್ಕಕ್ಕೆ ಇಟ್ಕೊಳ್ಳಲ್ಲ. ಓದಿದೋರು ಇದನ್ನ ಅಲ್ಲಲ್ಲಿ ನುಣ್ಣಗೆ ಮಾಡಿ ಹೇಳ್ತಾರೆ. ನಾನು ಓದಿಲ್ಲ. ಅದಕ್ಕೇ ನಡೆದದ್ದು ನಡೆದ ಹಾಗೇ ನನ್ನ ಬಾಯಲ್ಲಿ ಬರುತ್ತೆ.

ಒಂದು ಊರು. ಸುತ್ತ ಕಣ್ಣು ಹಾಯೋವರೆಗೂ ಉಪ್ಪಿನ ಬಯಲು. ಬಿಳಿ ನೆಲ, ಬಿಳಿ ಬದು, ಬಿಳಿ ರಾಶಿ. ಆ ಊರೋರ ಕಣ್ಣ ರೆಪ್ಪೆನೂ ಬಿಳಿ. ಅಲ್ಲಿ ಉಪ್ಪು ಬಿಟ್ರೆ ಬೇರೇನೂ ಬೆಳೆಯಲ್ಲ. ಬೇಸಿಗೆ ಪೂರ್ತಿ ಉಪ್ಪು ಕಟ್ಟುತ್ತೆ, ಬೇಸಿಗೆ ಕೊನೆಗೆ ಎತ್ತಿ ಸೂರಿನ ಕೆಳಗೆ ಹಾಕ್ತಾರೆ, ಗಾಡಿ ಬರುತ್ತೆ, ಉಪ್ಪು ಹೋಗುತ್ತೆ, ಅಕ್ಕಿ ಬರುತ್ತೆ. ಎತ್ತೋಕೆ ಮುಂಚೆ ಮಳೆ ಬಿದ್ರೆ ಉಪ್ಪು ನೀರಾಗುತ್ತೆ. ಆಮೇಲೆ ವರ್ಷ ಪೂರ್ತಿ ಒಲೆ ಮೇಲೆ ಬರೀ ಪಾತ್ರೆ. ಅಷ್ಟೇ ಆ ಊರಿನ ಬದುಕು.

ಆ ಊರಲ್ಲಿ ಒಂದು ಕಟ್ಟುಪಾಡು. ಆಕಾಶದ ಹೊಸ ಮಾತನ್ನ ಕಟ್ಟೇಲಿ ಒಂದ್ಸಲ ಆಡ್ಬಹುದು, ಆಮೇಲೆ ಯಾರೂ ಅದನ್ನ ತಮ್ಮದು ಅನ್ನೋ ಹಾಗೆ ಆಡೋ ಹಾಗಿಲ್ಲ. ಆ ಮಾತನ್ನ ಮೊದಲು ಯಾರು ಆಡಿದ್ರೋ ಅವರ ಹೆಸರು ಹೇಳಿಯೇ ಆಡ್ಬೇಕು. 'ಇಂಥೋನು ಹೇಳಿದ ಹಾಗೆ, ಇವತ್ತು ಇಬ್ಬನಿ ಜಾಸ್ತಿ.' 'ಇಂಥೋಳು ಹೇಳಿದ ಹಾಗೆ, ಮೋಡಕ್ಕೆ ಹೊಟ್ಟೆ ಇಲ್ಲ.' ಹಾಗೆ ಹೇಳಿದೋರು ಸುಮ್ಮನೆ ಹೋಗೋ ಹಾಗಿಲ್ಲ. ಕಂಚುಗಾರ್ತಿ ಹತ್ರ ಹೋಗಿ ಅರ್ಧಾಣೆ ಕೊಟ್ಟು ಒಂದು ಪುಟ್ಟ ಗಂಟೆ ತಗೋಬೇಕು, ಮಾತು ಆಡಿದೋರ ಮನೆ ಸೂರಿಗೆ ಕಟ್ಬೇಕು. ಒಂದೊಂದು ಮಾತಿಗೂ ಒಂದೊಂದು ಹಗ್ಗ. ಯಾರು ಯಾವ ಗಂಟೆ ಕಟ್ಟಿದ್ರು ಅನ್ನೋದು ಮರೆಯೋ ಹಾಗಿಲ್ಲ, ಯಾಕೆಂದ್ರೆ ಮನೆ ಮನೆಗೂ ಗಂಟು ಹಾಕೋ ರೀತಿ ಬೇರೆ. ಎಳೆ ಮಗುನೂ ಅವರಪ್ಪನ ಗಂಟು ಗುರ್ತಿಸುತ್ತೆ.

ಯಾವ ಮಾತಿನ ಹಗ್ಗ ಭಾರವೋ ಊರು ಆ ಮಾತಿನ ಹಾಗೆ ನಡೀಬೇಕು. ಯಾರ ಸೂರಲ್ಲಿ ಗಂಟೆ ಜಾಸ್ತಿಯೋ ಅವರು ಕಟ್ಟೆಯ ಮೇಲಿನ ಮೆಟ್ಟಿಲಲ್ಲಿ ಕೂತ್ಕೋಬೇಕು. ತನ್ನ ಮಾತನ್ನ ತಾನೇ ಎತ್ತಿ ಆಡೋದು ಮಾತ್ರ ಆ ಊರಲ್ಲಿ ಅಸಹ್ಯ. ಹಾಗೆ ಯಾರಾದ್ರೂ ಆಡಿದ್ರೆ ಎದುರಿಗಿದ್ದೋರು ಕಿವಿ ಮುಚ್ಕೋತಾರೆ.

ಮೇಲಿನ ಮೆಟ್ಟಿಲಲ್ಲಿ ಕೂತಿದ್ದೋನು ಗಾಳಿಗಾರ.

ಏನ್ ಗಾಳಿಗಾರ ಅಂತೀರ. ಬೆಳಗಾದ್ರೆ ಊರ ಗಂಟೆ ಸದ್ದೆಲ್ಲ ಹಿಂದೆ ಬಿಟ್ಟು ಕೊನೆ ಬದುವಿಗೆ ಹೋಗ್ತಿದ್ದ. ಬೆರಳು ಒದ್ದೆ ಮಾಡಿ ಎತ್ತಿ ಹಿಡೀತಿದ್ದ. ಕಣ್ಣು ಮುಚ್ಚಿ ಬಾಯಿ ತೆರೀತಿದ್ದ. ಗಾಳಿ ನುಂಗ್ತಿದ್ದ. ಅನ್ನದ ಅಗುಳು ಹಿಸುಕಿ ನೋಡ್ತಾರಲ್ಲ, ಹಾಗೆ ನಾಲಿಗೆಯಲ್ಲಿ ಗಾಳಿ ಹಿಸುಕಿ ನೋಡ್ತಿದ್ದ. ಆಮೇಲೆ ಬಂದು ಹೇಳ್ತಿದ್ದ: "ಈ ಗಾಳಿ ನಿನ್ನೆ ಒಂದು ಕೆರೆ ದಾಟಿ ಬಂದಿದೆ. ಕೆರೇಲಿ ನೀರು ಮೊಣಕಾಲಷ್ಟು." ಹೋಗಿ ನೋಡಿದ್ರೆ ಮೊಣಕಾಲಷ್ಟೇ. ಅವನಂಥೋನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವನಿಗೂ ಅದು ಗೊತ್ತಿತ್ತು. "ಗಾಳಿ ಬೀಸೋಕೆ ಮುಂಚೆ ನನ್ನ ಕಡೆ ಒಂದ್ಸಲ ನೋಡುತ್ತೆ" ಅಂತಿದ್ದ, ಮೀಸೆ ಒರೆಸ್ಕೊಂಡು. ಊರೋರು ನಗ್ತಿದ್ರು, ಆದ್ರೆ ಅಲ್ಲ ಅನ್ನೋರು ಇರಲಿಲ್ಲ.

ಅವನು ಹರೆಯದಲ್ಲಿ ಆಡಿದ ಒಂದು ಮಾತಿತ್ತು: ಕೊಕ್ಕರೆ ಊರು ದಾಟಿದ್ಮೇಲೆ ಒಂದು ಹುಣ್ಣಿಮೆ ಕಳೆಯೋವರೆಗೂ ಮಳೆ ಇಲ್ಲ, ಉಪ್ಪು ಬಯಲಲ್ಲೇ ಇರಲಿ, ಹರಳು ದಪ್ಪ ಆಗಲಿ.

ಆ ಮಾತು ಊರನ್ನ ಸಾಕಿತು. ಅದಕ್ಕೆ ಮುಂಚೆ ಹೆದ್ರಿ ಹೆದ್ರಿ ಬೇಗ ಎತ್ತಿ ಪುಡಿ ಉಪ್ಪು ಮಾರ್ತಿದ್ರು. ಆಮೇಲೆ ಕಡ್ಲೆ ಗಾತ್ರದ ಹರಳು. ಗಾಡಿಯೋರು ಜಗಳ ಆಡ್ಕೊಂಡು ತಗೊಂಡು ಹೋಗ್ತಿದ್ರು. ಕೊಕ್ಕರೆ ಸಾಲು ಕಂಡ ಕೂಡ್ಲೇ ಇಡೀ ಊರು "ಗಾಳಿಗಾರ ಹೇಳಿದ ಹಾಗೆ" ಅಂತ ಶುರು ಮಾಡೋದು. ಕಂಚುಗಾರ್ತಿ ಒಲೆ ಆರ್ತಾನೇ ಇರಲಿಲ್ಲ. ಆಮೇಲಾಮೇಲೆ ಸೆಕೆ ಅನ್ನೋಕೂ ಆ ಮಾತು, ತಂಪು ಅನ್ನೋಕೂ ಆ ಮಾತು. ಮದುವೆಗೆ ಕಟ್ಟಿದ್ರು, ಮಗು ಹುಟ್ಟಿದ್ರೆ ಕಟ್ಟಿದ್ರು. ಅದು ಏನು ಹೇಳುತ್ತೆ ಅಂತ ಗೊತ್ತಿಲ್ಲದೋನೂ ಕಟ್ಟಿದ. ಗಂಟೆ ಇರೋ ಕಡೆಗೇ ಗಂಟೆ ಬರುತ್ತೆ. ಮನೆ ಸೂರು ಬಾಗಿ ಹೋಯ್ತು, ಕಂಬ ಕೊಟ್ರು. ಗಾಳಿ ಬಂದ್ರೆ ಇಡೀ ಬೀದಿ ಟಿಣಿಟಿಣಿ ಅನ್ನೋದು. ಗಾಳಿಗಾರನ ಹೆಂಡತಿ ಕಿವಿಗೆ ಹತ್ತಿ ಇಟ್ಕೊಂಡು ಸಾರು ಕುದಿಸ್ತಿದ್ಲು.

ಇಷ್ಟಾದ್ರೂ ಅವನು ಕೊನೆ ಬದುವಿಗೆ ಹೋಗೋದು ಬಿಡಲಿಲ್ಲ. ಕೇಳಿಸ್ಕೊಳ್ಳಿ, ಇಲ್ಲೇ ಇದೆ ಅವನ ಗಟ್ಟಿತನ. ಇನ್ನೊಬ್ಬ ಆಗಿದ್ರೆ ಗಂಟೆ ಕೇಳ್ತಾ ಮಲಗ್ತಿದ್ದ.

ಬದುವಿನ ಮೇಲೆ ಅವನು ಒಂದು ಕಂಬ ನೆಟ್ಟಿದ್ದ. ಆ ಕಂಬ ಅಂದ್ರೆ ಕೊಕ್ಕರೆ ದಾಟಿದ್ಮೇಲಿನ ಹುಣ್ಣಿಮೆ. ವರ್ಷಾ ವರ್ಷಾ ಮೊದಲ ಮಳೆ ಬಿದ್ದ ದಿನ ಒಂದು ಕರೀ ಕಲ್ಲು ಇಡ್ತಿದ್ದ. ಹುಣ್ಣಿಮೆ ಕಳೆದು ಎಷ್ಟು ದಿನಕ್ಕೆ ಮಳೆ ಬಂತೋ, ಕಂಬದಿಂದ ಅಷ್ಟು ಹೆಜ್ಜೆ ದೂರಕ್ಕೆ ಕಲ್ಲು. ಹರೆಯದಲ್ಲಿ ಇಟ್ಟ ಕಲ್ಲುಗಳು ದೂರ ಇದ್ವು, ಕೂಗಿದ್ರೆ ಮಾತ್ರ ಕೇಳೋಷ್ಟು ದೂರ. ಆಮೇಲಿನವು ಹತ್ತಿರ. ಅದರಾಚೆಯವು ಇನ್ನೂ ಹತ್ತಿರ. ಕಲ್ಲುಗಳು ಕಂಬದ ಕಡೆ ನಡ್ಕೊಂಡು ಬರ್ತಿದ್ವು. ಆಗಷ್ಟೇ ಇಟ್ಟ ಕೊನೇ ಕಲ್ಲು ಕಂಬಕ್ಕೆ ಒರಗಿ ನಿಂತಿತ್ತು.

ಅದನ್ನ ನೋಡಿ ಅವನು ಬಾಯಿ ತೆರೆದ, ಗಾಳಿ ನುಂಗಿದ. ತೆಂಕಲ ಗಾಳಿ. ಬಿಸಿ ಬಿಸಿ, ಒಲೆ ಮೇಲಿಟ್ಟ ನೀರಿನ ಹಾಗೆ. ಕಡಲು ಕಾದಿತ್ತು. ಕಾದ ಕಡಲಿನ ಮಳೆಗೆ ಕಾಲು ಬಂದಿತ್ತು, ಮಳೆ ಓಡ್ತಿತ್ತು. ಕೊಕ್ಕರೆ ಮಾತ್ರ ಹಳೇ ದಿನಕ್ಕೇ ಹಾರ್ತಿತ್ತು.

ಕಟ್ಟೆಗೆ ಬಂದು ಎರಡನೇ ಮಾತು ಆಡಿದ: "ಕೊಕ್ಕರೆ ನಂಬಬೇಡಿ. ತೆಂಕಲ ಗಾಳಿ ಬಿಸಿಯಾಗಿ ಬಂದ್ರೆ ಹುಣ್ಣಿಮೆಗೆ ಕಾಯ್ಬೇಡಿ, ಉಪ್ಪು ಎತ್ತಿ."

ಅವನ ಸೂರಲ್ಲಿ ಆ ಮಾತಿಗೆ ಒಂದು ಹೊಸ ಹಗ್ಗ ಇಳಿಬಿಟ್ರು, ತೆಂಕ ಮೂಲೇಲಿ. ಹಗ್ಗ ಖಾಲಿ ತೂಗಾಡ್ತಿತ್ತು. ಯಾರೂ ಬರಲಿಲ್ಲ.

ಕೊನೆಗೆ ಒಬ್ಬ ಬಂದ. ಮೋಡಗಾರ. ಇವನು ಕಟ್ಟೆಯ ಎರಡನೇ ಮೆಟ್ಟಿಲೋನು. ಮೋಡಗಾರ, ಇಬ್ಬನಿಗಾರ, ಸಿಡಿಲುಗಾರ ಮೂರೂ ಜನ ಒಂದೇ ಹುಕ್ಕ ಹಂಚ್ಕೊಂಡು ಸೇದೋರು. ಬೆಳಗ್ಗೆ ಇವನು ಅವನ ಸೂರಿಗೆ ಕಟ್ಟಿದ್ರೆ ಮಧ್ಯಾಹ್ನ ಅವನು ಇನ್ನೊಬ್ಬನ ಸೂರಿಗೆ, ಸಂಜೆಗೆ ಅವನು ಇವನ ಸೂರಿಗೆ. ಆಕಾಶದಲ್ಲಿ ಏನಾಯ್ತು ಅಂತ ಮೂರೂ ಜನರಲ್ಲಿ ಒಬ್ಬನೂ ತಲೆ ಎತ್ತಿ ನೋಡ್ತಿರಲಿಲ್ಲ.

ಸಂತೆ ಬೀದೀಲಿ ನಿಂತು ಮೋಡಗಾರ ನಗಿಸೋಕೆ ಅಂತ ಹೇಳಿದ: "ಗಾಳಿಗಾರ ಹೇಳಿದ ಹಾಗೆ, ಕೊಕ್ಕರೆ ಸುಳ್ಳಂತೆ ಕಣ್ರಪ್ಪ. ಕೊಕ್ಕರೆ ಹೊಟ್ಟೆ ಮೇಲೂ ಮುದುಕ ಕಲ್ಲು ಹಾಕ್ದ."

ಎಲ್ಲ ನಕ್ಕರು. ಕಂಚುಗಾರ್ತಿ ನಗಲಿಲ್ಲ. ಇಕ್ಕಳ ಕೆಳಗಿಟ್ಟು ಕೈ ಚಾಚಿದ್ಲು.

"ಅರ್ಧಾಣೆ ತೆಗಿ."

"ಯಾಕಕ್ಕ? ನಾನು ಹಾಸ್ಯ ಮಾಡ್ದೆ."

"ಹಾಸ್ಯವೋ ಪೂಜೆಯೋ ನಂಗ್ಯಾಕೆ. ಅವನ ಹೆಸರು ಎತ್ತಿದೆ, ಮಾತು ಎತ್ತಿದೆ. ಕಟ್ಟು ಗಂಟೆ."

ಹಾಗೆ ಬಂತು ತೆಂಕಲ ಹಗ್ಗಕ್ಕೆ ಒಂದು ಗಂಟೆ. ಗೇಲಿ ಮಾಡಿದ ಗಂಟೆ. ಮೋಡಗಾರ ಹಲ್ಲು ಕಚ್ಕೊಂಡು ಗಂಟು ಹಾಕಿ ಹೋದ.

ಆ ಹಗ್ಗ ಒಂದು ಮಳೆಗಾಲ ನೆನೆದು ಒಣಗಿತು, ಮರುವರ್ಷ ಕೊಕ್ಕರೆ ದಾಟಿದ್ವು. ಬಿಳಿ ಬಯಲಿನ ಮೇಲೆ ಬಿಳಿ ಸಾಲು. ಊರು ತಲೆ ಎತ್ತಿ ನೋಡಿತು, "ಗಾಳಿಗಾರ ಹೇಳಿದ ಹಾಗೆ" ಅಂತು, ಸಲಿಕೆ ಹೆಡಿಗೆ ಒಳಗಿಟ್ಟು ಚಾಪೆ ಬಿಚ್ಚಿತು. ಗಾಳಿಗಾರ ಕೊನೆ ಬದುವಿಗೆ ಹೋಗಿ ಬಾಯಿ ತೆರೆದ. ತೆಂಕಲ ಗಾಳಿ, ಕಾದ ಗಾಳಿ, ಅದರ ತುದೀಲಿ ನೆಂದ ಮಣ್ಣಿನ ರುಚಿ. ಚಂದ್ರ ಇನ್ನೂ ಅರ್ಧಕ್ಕೆ ನಿಂತಿದ್ದ.

ಸೀದಾ ಬಂದು ಊರ ಯಜಮಾನ್ತಿ ಮುಂದೆ ನಿಂತ. ಹಗ್ಗದ ಭಾರ ನೋಡಿ ಊರಿಗೆ ಅಪ್ಪಣೆ ಕೊಡೋಳು ಅವಳೇ. "ಯಜಮಾನ್ತಿ, ಉಪ್ಪು ಎತ್ತಿಸಿ. ಮಳೆ ಹೊರಟಾಗಿದೆ."

ಯಜಮಾನ್ತಿ ಎಲೆ ಅಡಿಕೆ ಹಾಕ್ಕೊಂಡು ನಿಧಾನಕ್ಕೆ ಅವನ ಜೊತೆ ಬದುವಿಗೆ ಬಂದ್ಲು. ಕಂಬ ನೋಡಿದ್ಲು. ಕಲ್ಲು ನೋಡಿದ್ಲು. ಒಂದೊಂದು ಕಲ್ಲನ್ನೂ ಕಾಲ ಬೆರಳಲ್ಲಿ ಮುಟ್ಟಿ ನೋಡಿದ್ಲು.

"ಕಲ್ಲು ಚೆನ್ನಾಗಿ ಜೋಡ್ಸಿದ್ದೀಯ."

"ಜೋಡಿಸಿದ್ದು ನಾನಲ್ಲ, ಮಳೆ."

"ಇರ್ಬಹುದು. ಆದ್ರೆ ಕಲ್ಲಿಗೆ ಗಂಟೆ ಇಲ್ವಲ್ಲಪ್ಪ. ಊರಲ್ಲಿ ಭಾರವಾದ ಹಗ್ಗ ನಿಂದೇ. ಅದು ಕಾಯಿ ಅನ್ನುತ್ತೆ. ನೀನು ಎತ್ತು ಅಂತೀಯ. ನಿನ್ನ ಮಾತು ಕೇಳ್ಲೋ, ನಿನ್ನ ಮಾತು ಕೇಳ್ಲೋ?"

"ನಾನೇ ಬದುಕಿದ್ದೀನಿ, ನನ್ನ ಬಾಯಿ ಇಲ್ಲೇ ಇದೆ. ನಾನು ಆಡಿದ ಎರಡನೇ ಮಾತು ಏನಂದ್ರೆ..."

ಯಜಮಾನ್ತಿ ಎರಡೂ ಕಿವಿ ಮುಚ್ಚಿದ್ಲು. ಹಿಂದೆ ಬಂದಿದ್ದ ಜನರೂ ಮುಚ್ಚಿದ್ರು. ತನ್ನ ಮಾತು ತಾನೇ ಎತ್ತಿದ ಅಂತ ಒಬ್ಬಳು ಸೆರಗಿಂದ ಮುಖಾನೂ ಮುಚ್ಕೊಂಡ್ಲು.

"ಇನ್ನೊಬ್ಬರ ಬಾಯಿಂದ ಬರಲಿ. ತೆಂಕಲ ಹಗ್ಗ ಆ ಹಗ್ಗಕ್ಕಿಂತ ಭಾರ ಆಗಲಿ. ಆಗ್ಲೇ ಎತ್ತಿಸ್ತೀನಿ" ಅಂದ್ಲು ಯಜಮಾನ್ತಿ. ಕೆಟ್ಟವಳಲ್ಲ ಅವಳು. ಕಟ್ಟುಪಾಡು ಅವಳಿಗಿಂತ ಹಳೇದು.

ಗಾಳಿಗಾರ ಮನೆ ಮನೆಗೆ ಹೋದ. ಮೇಲಿನ ಮೆಟ್ಟಿಲೋನು, ಬೇರೆಯೋರ ಹೊಸ್ತಿಲು ತುಳಿದೋನೇ ಅಲ್ಲ. ಹೋಗಿ ನಿಂತ್ಕೊಂಡು "ನನ್ನ ಎರಡನೇ ಮಾತು ಒಂದ್ಸಲ ಆಡಿ" ಅಂದ.

"ಆಡ್ತೀವಿ ಗಾಳಿಗಾರಪ್ಪ. ಮೊದಲನೇದನ್ನ ಆಡ್ತೀವಿ, ಇವತ್ತೇ ಆಡ್ತೀವಿ."

"ಅದು ಬೇಡ. ಎರಡನೇದು."

"ಎರಡನೇದಕ್ಕೆ ಒಂದೇ ಗಂಟೆ ಇದೆ, ಅದೂ ಗೇಲೀದು. ಅಲ್ಲಿ ಕಟ್ಟಿದ್ರೆ ನಮ್ಮನ್ನೂ ನಗ್ತಾರೆ. ನೀವೇನೂ ಬೇಜಾರು ಮಾಡ್ಕೋಬ್ಯಾಡಿ, ಮಜ್ಜಿಗೆ ಕುಡೀತೀರ?"

ಮಜ್ಜಿಗೆ ಕುಡಿದು ಕುಡಿದು ಹೊಟ್ಟೆ ತುಂಬಿತು. ಹಗ್ಗದಲ್ಲಿ ಮಾತ್ರ ಆ ಒಂದೇ ಗಂಟೆ.

ಬೀದಿ ತಿರುವಲ್ಲಿ ಮೋಡಗಾರ ಸಿಕ್ಕ. ಜೊತೆಗೆ ಆ ಇಬ್ಬರು.

"ಅಣ್ಣ," ಅಂದ ಮೋಡಗಾರ, ದನಿ ಬೆಣ್ಣೆ, "ಕಷ್ಟ ಯಾಕೆ? ನಾವು ಮೂರೂ ಜನ ನಮ್ಮ ನೆಂಟರು ಇಷ್ಟರು ಎಲ್ಲ ಸೇರಿ ನಿನ್ನ ತೆಂಕಲ ಹಗ್ಗ ತುಂಬಿಸ್ತೀವಿ. ನಿನ್ನ ಕೈಯಿಂದ ನಮಗೂ ಒಂದೊಂದು ಕಟ್ಟು. ನೀನು ಕಟ್ಟಿದ್ರೆ ಊರೇ ಹಿಂದೆ ಬಂದು ಕಟ್ಟುತ್ತೆ."

"ಯಾವ ಮಾತಿಗೆ ಕಟ್ಲಿ?"

"ಯಾವುದಾದ್ರೂ ಸರಿ. 'ಮೋಡ ಕಪ್ಪಗಿದ್ರೆ ಕಪ್ಪು' ಅಂತ ನಾನೊಂದು ಹೇಳಿದ್ದೀನಲ್ಲ."

ಗಾಳಿಗಾರ ಅವನನ್ನ ಮೇಲಿಂದ ಕೆಳಗೆ ನೋಡಿದ. "ತಮ್ಮ, ನೀನು ಬೊಗಳಿದ್ದಕ್ಕೆ ನಾನು ಗಂಟೆ ಕಟ್ಟಿದ್ರೆ, ನಾಳೆ ಗಾಳಿ ನನ್ನ ನಾಲಿಗೆ ಮೇಲೆ ನಿಲ್ಲಲ್ಲ. ಅಲ್ಲದೆ ನಿಮ್ಮ ನೆಂಟರೆಲ್ಲ ಸೇರಿ ಕಟ್ಟಿ ಮುಗಿಸೋ ಹೊತ್ತಿಗೆ ಮಳೆ ಬಂದು ಊಟ ಮಾಡ್ಕೊಂಡು ಹೋಗಿರುತ್ತೆ. ದಾರಿ ಬಿಡು."

ಅಲ್ಲಿಂದ ಕಂಚುಗಾರ್ತಿ ಹತ್ರ ಹೋದ. ಅವಳು ತಲೆ ಎತ್ತಲಿಲ್ಲ. ಅವನ ಮೊದಲ ಮಾತಿಗೇ ಬೆಳಗಿಂದ ಒಂದು ಬುಟ್ಟಿ ಗಂಟೆ ಎರೆದು ಬೆವತಿದ್ಲು.

"ನಿನ್ನ ಹಳೇ ಮಾತು ನಂಗೆ ಅನ್ನ ಹಾಕ್ತಿದೆ ಮಾರಾಯ. ಅದನ್ನ ಬೈಯೋಕೆ ಬಂದ್ಯಾ?"

"ಅದನ್ನ ಮೀರೋದು ಹೇಗೆ ಅಂತ ಕೇಳೋಕೆ ಬಂದೆ."

"ಮೀರೋಕೆ ಆಗಲ್ಲ. ನಾನು ಜೀವ ತೇದು ಎರೆದ್ರೂ ಹುಣ್ಣಿಮೆ ಒಳಗೆ ಅಷ್ಟು ಗಂಟೆ ಆಗಲ್ಲ." ಆಮೇಲೆ ಊದುಕೊಳವೆ ಪಕ್ಕಕ್ಕಿಟ್ಟು ಅಂದ್ಲು, "ಬಿಚ್ಬಹುದು."

"ಏನು?"

"ಆಡಿದೋನು ತನ್ನ ಮಾತು ವಾಪಸ್ ತಗೊಂಡ್ರೆ ಹಗ್ಗ ಬಿಚ್ಬಹುದು. ನಮ್ಮಜ್ಜಿ ಹೇಳಿದ್ಲು. ಯಾರೂ ಬಿಚ್ಚಿದ್ದು ನೋಡಿಲ್ಲ, ಅವಳೂ ನೋಡಿಲ್ಲ. ಬಿಚ್ಚಿದ್ರೆ ಕಟ್ಟಿದೋರಿಗೆಲ್ಲ ಅವರ ಅರ್ಧಾಣೆ ನೀನೇ ಕೈಗೆ ಕೊಡ್ಬೇಕು. ಸತ್ತಿದ್ರೆ ಮಕ್ಕಳ ಕೈಗೆ. ಒಂದು ಗಂಟೇದು ಬಾಕಿ ಉಳಿದ್ರೂ ಬಿಚ್ಚಿದ ಹಾಗಲ್ಲ. ಮೇಲಿನ ಮೆಟ್ಟಿಲು ಹೋಗುತ್ತೆ. ಕೆಳಗೆ, ನಾಯಿ ಮಲಗೋ ಜಾಗದಲ್ಲಿ ಕೂತ್ಕೋಬೇಕು."

ಗಾಳಿಗಾರ ಮೀಸೆ ಮುಟ್ಟಿ ನೋಡ್ಕೊಂಡ. ಆ ಕೆಳಗಿನ ಮೆಟ್ಟಿಲು ಅವನು ಮೇಲಿಂದ ನೋಡಿದ್ದ, ಅಷ್ಟೇ.

"ಕೊಕ್ಕರೆ ವಿಚಾರಕ್ಕೆ ಊರಲ್ಲಿ ಬೇರೆ ಯಾರದ್ದಾದ್ರೂ ಹಗ್ಗ ಇದ್ಯಾ?"

"ಎಲ್ಲಿದೆ? ನಿನ್ನ ಮಾತು ಅಷ್ಟು ಭಾರ ಇದ್ರೆ ಇನ್ಯಾರು ಬಾಯಿ ಬಿಡ್ತಾರೆ. ನಿನ್ನವೇ ಎರಡು. ಹೊಸದು ಯಾರಾದ್ರೂ ಆಡಿದ್ರೂ ಹಗ್ಗ ಒಂದು ಮಳೆಗಾಲ ನೆನೆದು ಒಣಗೋವರೆಗೂ ಲೆಕ್ಕಕ್ಕಿಲ್ಲ."

"ಹಾಗಾದ್ರೆ ಮೊದಲನೇದು ಹೋದ್ರೆ..."

"ಆ ಒಂದು ಗಂಟೇನೇ ಊರಲ್ಲಿ ಭಾರ" ಅಂದ್ಲು ಕಂಚುಗಾರ್ತಿ, ಮೊದಲ ಸಲ ತಲೆ ಎತ್ತಿ.

ಮನೆಗೆ ಬಂದ. ಹೆಂಡತಿ ಕಿವಿ ಹತ್ತಿ ತೆಗೆದ್ಲು. ಎಲ್ಲ ಹೇಳಿದ.

"ಏ ಇವಳೇ, ಮೇಲಿನ ಮಹಡಿ ಕಟ್ಟೋಕೆ ಅಂತ ಇಟ್ಟಿದ್ದು ಅಷ್ಟೂ ಹೋಗುತ್ತೆ."

"ಹೋಗ್ಲಿ."

"ಸೂರು ಬೋಳಾಗುತ್ತೆ. ಊರು ನಗುತ್ತೆ. ನಾನು ಹೇಳಿದ್ದು ತಪ್ಪಾಗಿತ್ತು ಅಂತಾರೆ."

"ರೀ, ನೀವು ಹೇಳಿದ ದಿನ ಅದು ತಪ್ಪಾಗಿತ್ತಾ?"

"ನಾನು ಆಡಿದ್ದು ಎಂದಾದ್ರೂ ತಪ್ಪಾಗಿದ್ದುಂಟಾ? ಆವತ್ತು ನಿಜ. ಇವತ್ತು ಕಡಲು ಬೇರೆ."

"ಅಷ್ಟು ಗೊತ್ತಿದ್ಮೇಲೆ ಮತ್ತೇನು. ನಿಮ್ಮ ಗಂಟೆ ಸದ್ದಲ್ಲಿ ನಾನು ಕಣ್ಣು ಮುಚ್ಚಿ ಎಷ್ಟು ಕಾಲ ಆಯ್ತೋ. ಏಣಿ ತರ್ತೀನಿ, ಹತ್ತಿ."

ಹಾಗೆ ಅವನು ಏಣಿ ಹತ್ತಿದ. ಹಾಡಹಗಲು, ಬಿಸಿಲು ನೆತ್ತಿ ಮೇಲೆ. ಮೊದಲ ಗಂಟು ಬಿಚ್ಚಿದ. ಟಿಣ್ ಅಂತು. ಗಂಟು ನೋಡಿ ಮನೆ ಹೆಸರು ಕೂಗಿದ. ಆ ಮನೆಯೋರು ಬಂದ್ರು. ಅರ್ಧಾಣೆ ಕೈಗಿಟ್ಟ, ಗಂಟೆ ಕೈಗಿಟ್ಟ. "ನನ್ನ ಮಾತು ನಾನು ವಾಪಸ್ ತಗೊಂಡೆ" ಅಂದ. ಇನ್ನೊಂದು ಗಂಟು ಬಿಚ್ಚಿದ. ಟಿಣ್ ಅಂತು. ಹೆಸರು ಕೂಗಿದ. ಅರ್ಧಾಣೆ ಇಟ್ಟ. "ನನ್ನ ಮಾತು ನಾನು ವಾಪಸ್ ತಗೊಂಡೆ." ಬೀದಿ ಆ ತುದಿವರೆಗೂ ಜನ ನಿಂತ್ರು. ಬಿಚ್ಚಿದ, ಕೂಗಿದ, ಕೊಟ್ಟ, ತಗೊಂಡೆ ಅಂದ. ಬೆರಳ ಚರ್ಮ ಕಿತ್ತು ಹೋಯ್ತು, ಹೆಂಡತಿ ಅರಿಶಿನ ಹಚ್ಚಿದ್ಲು, ಮತ್ತೆ ಬಿಚ್ಚಿದ. ಹೊತ್ತು ಮುಳುಗಿತು, ಹೊತ್ತು ಹುಟ್ಟಿತು, ಚಂದ್ರ ದಿನಾ ಒಂದಿಷ್ಟು ದಪ್ಪ ಆದ. ಕೆಲವರು ನಕ್ಕರು. ಒಬ್ಬಳು ಮುದುಕಿ ಅತ್ತಳು, ಅವಳ ಗಂಡ ಸಾಯೋ ಮುಂಚೆ ಕಟ್ಟಿದ ಗಂಟೆ ಅಂತೆ. ಅವಳಿಗೆ ಏಣಿ ಇಳಿದು ಬಂದು ಕೊಟ್ಟ.

"ನಮ್ಮೆಜಮಾನ್ರು ನಿಮ್ಮ ಮಾತು ನಂಬಿ ಸತ್ರು ಕಣಪ್ಪ."

"ಅವರ ಕಾಲಕ್ಕೆ ಅದು ನಿಜವಾಗೇ ಇತ್ತು ತಾಯಿ. ಅವರ ಗಂಟು ಗಟ್ಟಿ ಇತ್ತು ನೋಡಿ, ನನ್ನ ಉಗುರು ಹೋಯ್ತು."

ಅವಳು ಅಳ್ತಾ ಅಳ್ತಾ ನಕ್ಕು ಗಂಟೆ ಸೆರಗಿಗೆ ಕಟ್ಕೊಂಡ್ಲು.

ಸಾಲಿನ ಕೊನೇಲಿ ಯಾರಿದ್ರು ಗೊತ್ತಾ? ಮೋಡಗಾರ. ಬಾಯಲ್ಲಿ ಆಡ್ಕೋತಿದ್ರೂ ಹರೆಯದಲ್ಲಿ ಅವನೂ ಆ ಹಗ್ಗಕ್ಕೆ ಒಂದು ಕಟ್ಟಿದ್ದ. ಈಗ ತಲೆ ತಗ್ಗಿಸ್ಕೊಂಡು ಕೈ ಮಾತ್ರ ಚಾಚಿದ.

ಕೊನೇ ಗಂಟೆ ಇಳಿದ ಗಳಿಗೆ ಒಂದು ಘಟನೆ ಆಯ್ತು. ಬೀದಿ ಸುಮ್ಮನಾಯ್ತು. ಆ ಊರು ಹಾಗೆ ಸುಮ್ಮನಾಗಿ ಎಷ್ಟೋ ಕಾಲ ಆಗಿತ್ತು. ಸುಮ್ಮನಾದ ಊರಿಗೆ ಮೊದಲ ಸಲ ಗಾಳಿ ಕೇಳಿಸಿತು. ಗಂಟೆ ಸದ್ದಲ್ಲ, ಗಾಳಿ. ಬಯಲ ಆ ತುದಿಯಿಂದ ಸೀರೆ ಎಳೆದ ಹಾಗೆ ಬರ್ತಿತ್ತು. ಮಕ್ಕಳು ಬಾಯಿ ತೆರೆದ್ರು. ದೊಡ್ಡೋರೂ ತೆರೆದ್ರು. ಎಲ್ಲರ ನಾಲಿಗೆ ಮೇಲೂ ನೆಂದ ಮಣ್ಣು ಕೂತಿತು.

ತೆಂಕ ಮೂಲೇಲಿ ಒಂಟಿ ಗಂಟೆ ಟಿಣ್ ಅಂತು.

ಮೋಡಗಾರ ಏನೋ ಹೇಳೋಕೆ ಬಾಯಿ ಬಿಟ್ಟ. ಯಜಮಾನ್ತಿ ಅವನ ಕಡೆ ನೋಡದೇನೇ ಅಂದ್ಲು, "ಹೊಸ ಮಾತಿದ್ರೆ ಅದರ ಹಗ್ಗ ನೆನೆದು ಒಣಗಿದ ಮೇಲೆ ಆಡು. ಈಗ ಕೊಕ್ಕರೆ ವಿಚಾರಕ್ಕೆ ಊರಲ್ಲಿ ಒಂದೇ ಹಗ್ಗ, ಅದಕ್ಕೆ ಒಂದೇ ಗಂಟೆ. ಕಟ್ಟಿದೋನು ನೀನೇ. ಹೋಗಿ ಹೆಡಿಗೆ ತಾ."

ಊರೇ ಬಯಲಿಗೆ ಇಳಿಯಿತು. ಎತ್ತಿದ್ರು, ಹೊತ್ತರು, ಸೂರಿನ ಕೆಳಗೆ ಸುರಿದ್ರು. ಎತ್ತಿದ್ರು, ಹೊತ್ತರು, ಸುರಿದ್ರು. ಗಾಳಿಗಾರನೂ ಹೊತ್ತ, ಮೋಡಗಾರನೂ ಹೊತ್ತ, ಯಜಮಾನ್ತಿ ಎಲೆ ಉಗಿದು ಸೀರೆ ಎತ್ತಿ ಕಟ್ಟಿ ಹೊತ್ಲು. ಚಂದ್ರ ಇನ್ನೂ ಪೂರ್ತಿ ಆಗಿರಲಿಲ್ಲ, ಒಂದು ಕಡೆ ಸವೆದ ಬಿಲ್ಲೆ ಹಾಗೆ ಕಾಣ್ತಿದ್ದ. ಕೊನೇ ಹೆಡಿಗೆ ಒಳಗೆ ಹೋಯ್ತು. ಮೊದಲ ಹನಿ ಖಾಲಿ ಬಯಲಿನ ಮೇಲೆ ಬಿತ್ತು.

ಆಮೇಲೆ ಬಂತು ನೋಡಿ ಮಳೆ. ಆ ಥರ ಮಳೆ ನೀವು ನೋಡಿಲ್ಲ, ಬಿಡಿ. ಬದು ಯಾವುದು ಬಯಲು ಯಾವುದು ಗೊತ್ತಾಗಲಿಲ್ಲ. ಊರು ಸೂರಿನ ಕೆಳಗೆ ಉಪ್ಪಿನ ರಾಶಿಗೆ ಒರಗಿ ಕೂತು ಆ ನೀರು ನೋಡಿತು. ಹರಳು ಆ ವರ್ಷ ಸ್ವಲ್ಪ ಸಣ್ಣ. ಸಣ್ಣ ಇದ್ರೂ ಉಪ್ಪು, ಉಪ್ಪೇ.

ಮಳೆ ನಿಂತ ಬೆಳಗ್ಗೆ ಗಾಳಿಗಾರ ಕೊನೆ ಬದುವಿಗೆ ಹೋಗಿ ಕಂಬದ ಆಚೆ ಕಡೆಗೆ ಮೊದಲ ಕಲ್ಲು ಇಟ್ಟು ಬಂದ. ಬಂದು ನೋಡಿದ್ರೆ ಮನೆ ಮುಂದೆ ಇಡೀ ಊರು. ಕೈ ಕೈಯಲ್ಲೂ ಹೊಸ ಗಂಟೆ. ತೆಂಕಲ ಹಗ್ಗಕ್ಕೆ ಕಟ್ಟೋಕೆ ನೂಕಾಟ. ಕಂಚುಗಾರ್ತಿ ಬುಟ್ಟಿ ಹಿಡ್ಕೊಂಡು ಹಲ್ಲು ಬಿಟ್ಕೊಂಡು ನಿಂತಿದ್ಲು. ಅವನ ಹೆಂಡತಿ ಆಗ್ಲೇ ಹತ್ತಿ ಹುಡುಕ್ತಿದ್ಲು.

ಗಾಳಿಗಾರ ಕಟ್ಟೆ ಕೆಳಗಿನ ಮೆಟ್ಟಿಲಲ್ಲಿ, ನಾಯಿ ಪಕ್ಕ, ಮೇಲಿನ ಮೆಟ್ಟಿಲಲ್ಲಿ ಕೂತ ಹಾಗೇ ಕಾಲ ಮೇಲೆ ಕಾಲು ಹಾಕಿ ಕೂತ.

"ಕಟ್ಟಿ, ಬೇಡ ಅನ್ನಲ್ಲ. ಚೆನ್ನಾಗಿ ಆಡಿದ ಮಾತು, ನಾನೇ ಆಡಿದ್ದು. ಆದ್ರೆ ಗಂಟು ಸಡಿಲ ಹಾಕಿ. ಕಡಲು ಇನ್ನೂ ಕಾಯ್ತಾ ಇದೆ. ಇದನ್ನೂ ಒಂದಿನ ನಾನೇ ಬಿಚ್ಬೇಕು."

ಆವತ್ತಿಂದ ಆ ಊರಲ್ಲಿ ಗಂಟು ಸಡಿಲ. ಎಳೆದ್ರೆ ಬರುತ್ತೆ. ಇವತ್ತೂ ಹೋಗಿ ಎಳೆದು ನೋಡ್ಬಹುದು.

ಮಹಡಿ ಕಟ್ಟಲಿಲ್ಲ. ಕಟ್ಟೋ ದುಡ್ಡೆಲ್ಲ ಕೈಯಿಂದ ಕೈಗೆ ಹೋಗಿತ್ತು, ಕೊನೇ ಅರ್ಧಾಣೆ ಮೋಡಗಾರನ ಕೈಗೆ. ಅವನು ಅದನ್ನೂ ಬಿಡಲಿಲ್ಲ. ಗಾಳಿಗಾರ ಆ ಬೇಸಿಗೇಲಿ ಕಳ್ಕೊಂಡಿದ್ದು, ಸರಿಯಾಗಿ ಕೇಳಿಸ್ಕೊಳ್ಳಿ, ಇನ್ನೂರ ಎಂಬತ್ತೇಳು ರೂಪಾಯಿ ಹನ್ನೊಂದೂವರೆ ಆಣೆ.